ಕಡಲೆಕಾಯಿ ಪರಿಷೆಗೆ ಹೋಗುವುದು ಹೇಗೆ, ಕಾಯಿ ಕೊಳ್ಳುವುದು ಹೇಗೆ

ಕಾರ್ತಿಕ ಮಾಸದ ಕಡೆಯ ಸೋಮವಾರ ಬಂತೆಂದರೆ ಬೆಂಗಳೂರಿನ ಬಸವನಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದೊಡ್ಡ ಬಸವಣ್ಣನ ಗುಡಿಯ ಸುತ್ತಲಿನ ರಸ್ತೆಗಳಲ್ಲಿ ಕಡಲೆಕಾಯಿ ರಾಶಿ ಬಿದ್ದಿರುತ್ತದೆ, ಆ ರಾಶಿಗಳ ನಡುವೆ ಜನ ಹರಿಯುತ್ತಿರುತ್ತಾರೆ. ಹೀಗೆ ಬಂದವರಲ್ಲಿ ಎಷ್ಟೋ ಮಂದಿ ಸಂಜೆಯ ನೂಕುನುಗ್ಗಲಿನಲ್ಲಿ ಸಿಕ್ಕಿ, ಗುಡಿಯ ಒಳಗೆ ಹೋಗಲಾಗದೆ, ಮೊದಲು ಕಣ್ಣಿಗೆ ಬಿದ್ದ ಗುಡ್ಡೆಯಿಂದ ಎರಡು ಸೇರು ಅಳೆಸಿಕೊಂಡು ಮನೆ ಸೇರುತ್ತಾರೆ. ಮೂರನೆಯ ದಿನ ಆ ಕಾಯಿ ಅಡುಗೆಮನೆಯ ಮೂಲೆಯಲ್ಲಿ ಬೂಷ್ಟು ಹಿಡಿದು ಕೂತಿರುತ್ತದೆ. ಪರಿಷೆಯೆಂಬುದು ಮೂಲದಲ್ಲಿ ಹೊಸ ಬೆಳೆಯ ಸಂತೆ. ಸಂತೆಗೆ ಹೋಗುವವರ ಸಿದ್ಧತೆಯಲ್ಲಿ ಹೋದರೆ ದೇವರ ದರ್ಶನವೂ ಆಗುತ್ತದೆ, ಒಳ್ಳೆಯ ಕಾಯಿಯೂ ಮನೆಗೆ ಬರುತ್ತದೆ.

ದಿನ ಮತ್ತು ಹೊತ್ತು

ದೀಪಾವಳಿಯ ಬಲಿಪಾಡ್ಯಮಿಯಿಂದ ಮುಂದಿನ ಅಮಾವಾಸ್ಯೆಯವರೆಗೆ ಕಾರ್ತಿಕ ಮಾಸ. ಆ ಅಮಾವಾಸ್ಯೆಯನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಕೊಂಡು ಅದರ ಹಿಂದಿನ ಸೋಮವಾರವನ್ನು ಹುಡುಕಿದರೆ ಪರಿಷೆಯ ದಿನ ಸಿಗುತ್ತದೆ. 2024ರಲ್ಲಿ ಅದು ನವೆಂಬರ್ 25ರಂದು ಬಂದಿತ್ತು, 2025ರಲ್ಲಿ ನವೆಂಬರ್ 17ರಂದು. 2025ರ ಪರಿಷೆಯನ್ನು ಅಧಿಕೃತವಾಗಿಯೇ ಐದು ದಿನ ನಡೆಸಲಾಯಿತು. ಅಧಿಕೃತ ದಿನಗಳು ಎಷ್ಟೇ ಇರಲಿ, ವ್ಯಾಪಾರಿಗಳು ಅದಕ್ಕೂ ಹಿಂದಿನ ಶನಿವಾರ, ಭಾನುವಾರಗಳಿಂದಲೇ ಟಾರ್ಪಾಲು ಹಾಸಿ ಕೂತಿರುತ್ತಾರೆ.

ಕಾರ್ತಿಕವೇ ಏಕೆಂದರೆ, ಮುಂಗಾರಿನ ಮಳೆಯನ್ನು ನಂಬಿ ಬಿತ್ತಿದ ಕಡಲೆಕಾಯಿಯನ್ನು ಕಿತ್ತು ಬಿಡಿಸಿ ಮುಗಿಸುವುದು ಈ ಹೊತ್ತಿಗೆ. ಕೋಲಾರ, ಚಿಂತಾಮಣಿ, ಶ್ರೀನಿವಾಸಪುರ, ಮಾಗಡಿ, ತುಮಕೂರು ಕಡೆಯಿಂದಲೂ, ಗಡಿಯಾಚೆ ಆಂಧ್ರ ಮತ್ತು ತಮಿಳುನಾಡಿನಿಂದಲೂ ಕಾಯಿ ಬರುತ್ತದೆ. ಆಯಾ ವರ್ಷ ಮಳೆ ಹೇಗಿತ್ತು ಎಂಬುದು ಇಲ್ಲಿನ ಬೆಲೆಯಲ್ಲಿಯೂ ಕಾಯಿಯ ಗಾತ್ರದಲ್ಲಿಯೂ ಕಾಣುತ್ತದೆ.

ಹೊತ್ತಿನ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟ: ಕಾಯಿ ಕೊಳ್ಳುವ ಉದ್ದೇಶವಿದ್ದವರು ಬೆಳಿಗ್ಗೆ ಎಂಟರೊಳಗೆ ಅಲ್ಲಿರಬೇಕು. ದೀಪಾಲಂಕಾರ, ಆಟಿಕೆ, ಜನಜಂಗುಳಿ ನೋಡುವ ಆಸೆಯಿದ್ದವರು ಸಂಜೆ ಹೋಗಲಿ, ಆದರೆ ಆಗ ಆರಿಸಿ ಕೊಳ್ಳುವ ಆಸೆಯನ್ನು ಬಿಡಬೇಕು. ಹಿಂದಿನಿಂದ ತಳ್ಳುವವರಿರುವಾಗ ಕಾಯಿ ಒಡೆದು ನೋಡುವ ವ್ಯವಧಾನ ಯಾರಿಗಿರುತ್ತದೆ? ಎರಡೂ ಬೇಕೆನ್ನುವವರಿಗೆ ಹಿಂದಿನ ಭಾನುವಾರದ ಬೆಳಿಗ್ಗೆ ಒಳ್ಳೆಯದು.

ದಾರಿ

ಕಾರನ್ನು ಮನೆಯಲ್ಲೇ ಬಿಡುವುದು ಮೊದಲ ಕೆಲಸ. ಬುಲ್ ಟೆಂಪಲ್ ರಸ್ತೆಯಲ್ಲಿ ಆ ದಿನಗಳಲ್ಲಿ ವಾಹನ ಸಂಚಾರಕ್ಕೆ ತಡೆಯಿರುತ್ತದೆ, ಅಕ್ಕಪಕ್ಕದ ಅಡ್ಡರಸ್ತೆಗಳಲ್ಲಿ ನಿಲ್ಲಿಸಲು ಜಾಗ ಹುಡುಕುವುದರಲ್ಲಿಯೇ ಒಂದು ಗಂಟೆ ಕಳೆದುಹೋಗುತ್ತದೆ. ಮೆಟ್ರೊದ ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು, ಕೆ.ಆರ್. ರಸ್ತೆಯಲ್ಲಿ ಟ್ಯಾಗೋರ್ ವೃತ್ತದವರೆಗೆ ನಡೆದು, ಬಲಕ್ಕೆ ತಿರುಗಿ ಗಾಂಧಿ ಬಜಾರನ್ನು ಉದ್ದಕ್ಕೂ ದಾಟಿದರೆ ರಾಮಕೃಷ್ಣ ಆಶ್ರಮದ ವೃತ್ತ ಸಿಗುತ್ತದೆ. ಅಲ್ಲಿಂದ ಎಡಕ್ಕೆ ಬುಲ್ ಟೆಂಪಲ್ ರಸ್ತೆ, ಅಲ್ಲಿಯೇ ಪರಿಷೆಯ ಆರಂಭ. ಒಟ್ಟು ದೂರ ಸುಮಾರು 2 ಕಿಲೋಮೀಟರ್. ನಡೆಯಲಾರದ ಹಿರಿಯರಿದ್ದರೆ ನಿಲ್ದಾಣದಿಂದ ಆಶ್ರಮದ ಹತ್ತಿರದವರೆಗೆ ಆಟೊ ಹಿಡಿಯಬಹುದು.

ದಾರಿಯಲ್ಲಿ ತಿಂಡಿಗೆ ಗಾಂಧಿ ಬಜಾರಿನಲ್ಲಿ ಕೊರತೆಯಿಲ್ಲ. 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನ ಅಲ್ಲಿಯೇ ಇದೆ, ಆದರೆ ಪರಿಷೆಯ ದಿನ ಅಲ್ಲಿ ಮಸಾಲೆ ದೋಸೆಗೆ ಕಾಯುತ್ತ ನಿಂತರೆ ಬೆಳಗಿನ ತಂಪು ಹೊತ್ತು ಕೈಜಾರುತ್ತದೆ. ಹೋಗುವಾಗ ಯಾವುದಾದರೂ ದರ್ಶಿನಿಯಲ್ಲಿ ಇಡ್ಲಿ ತಿಂದು ಮುಂದೆ ನಡೆಯುವುದೇ ಜಾಣತನ.

ಕೈಯಲ್ಲಿ ಎರಡು ಬಟ್ಟೆ ಚೀಲಗಳಿರಲಿ, ಒಂದು ಹಸಿ ಕಾಯಿಗೆ, ಇನ್ನೊಂದು ಒಣಗಿದ್ದಕ್ಕೆ ಅಥವಾ ಹುರಿದದ್ದಕ್ಕೆ. ಪ್ಲಾಸ್ಟಿಕ್ ದೂರವಿಡಲು ‘ಪರಿಷೆಗೆ ಬನ್ನಿ, ಕೈಚೀಲ ತನ್ನಿ’ ಎಂಬ ಪ್ರಚಾರ ಕೆಲವು ವರ್ಷಗಳಿಂದ ನಡೆದಿದೆ. ಅದರ ಮಾತು ಹಾಗಿರಲಿ, ಹಸಿ ಕಾಯಿಗೆ ಪ್ಲಾಸ್ಟಿಕ್ ಚೀಲ ಶತ್ರುವೇ ಸರಿ. ಒಳಗೆ ಬೆವರು ಕಟ್ಟಿ ಒಂದೇ ರಾತ್ರಿಯಲ್ಲಿ ವಾಸನೆ ಬರುತ್ತದೆ. ಮೊಬೈಲಿನಲ್ಲಿ ಹಣ ಕೊಡುವ ಸೌಲಭ್ಯ ಬಹುತೇಕ ಎಲ್ಲ ಗುಡ್ಡೆಗಳ ಮುಂದೆಯೂ ಇದೆಯಾದರೂ ಅಷ್ಟೊಂದು ಜನ ಸೇರಿದಲ್ಲಿ ನೆಟ್‌ವರ್ಕ್ ಕೈಕೊಡುವುದರಿಂದ ಹತ್ತು, ಇಪ್ಪತ್ತು, ಐವತ್ತರ ನೋಟುಗಳು ಜೇಬಿನಲ್ಲಿರಬೇಕು.

ಮೊದಲು ಗುಡಿ

ಸಂತೆಯ ಗದ್ದಲಕ್ಕೆ ಇಳಿಯುವ ಮೊದಲು ಗುಡಿಗೆ ಹೋಗಿಬರುವುದು ಲೇಸು, ಏಕೆಂದರೆ ಹತ್ತು ಗಂಟೆಯ ನಂತರ ಸಾಲು ಉದ್ದವಾಗುತ್ತದೆ, ಭಾರದ ಚೀಲ ಹಿಡಿದು ಸಾಲಿನಲ್ಲಿ ನಿಲ್ಲುವುದು ಕಷ್ಟ. ಒಂದೇ ಕಲ್ಲಿನಲ್ಲಿ ಕಡೆದ ಬಸವಣ್ಣ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಕೆಳಗೆ ಬರುವಾಗ ದೊಡ್ಡ ಗಣಪತಿಯ ದರ್ಶನವನ್ನೂ ಮುಗಿಸಬಹುದು.

ಮಕ್ಕಳು ಜೊತೆಗಿದ್ದರೆ ಕಥೆ ಹೇಳುವ ಜಾಗ ಇದೇ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ರೈತರ ಕಡಲೆಕಾಯಿ ಹೊಲಕ್ಕೆ ಹುಣ್ಣಿಮೆಯ ರಾತ್ರಿ ಬಸವವೊಂದು ನುಗ್ಗಿ ಬೆಳೆಯನ್ನು ತಿಂದು ಹಾಳುಮಾಡುತ್ತಿತ್ತಂತೆ. ರೈತರು ಬಸವಣ್ಣನಿಗೆ ಮೊರೆಯಿಟ್ಟು, ಮೊದಲ ಬೆಳೆಯನ್ನು ಅವನಿಗೇ ಒಪ್ಪಿಸುವುದಾಗಿ ಹರಕೆ ಹೊತ್ತರಂತೆ. ಕಲ್ಲಿನ ಬಸವ ಬೆಳೆಯುತ್ತಲೇ ಹೋದನೆಂದೂ, ನೆತ್ತಿಗೆ ತ್ರಿಶೂಲ ಇಟ್ಟ ಮೇಲೆ ನಿಂತನೆಂದೂ ಇನ್ನೊಂದು ಹೇಳಿಕೆ. ಗುಡಿಯನ್ನು 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುತ್ತಾರೆ. ಕಡಲೆಕಾಯಿಯೋ ದಕ್ಷಿಣ ಅಮೆರಿಕದ ಬೆಳೆ, ಪೋರ್ಚುಗೀಸರು ಕಡಲು ದಾಟಿ ಬಂದ ಮೇಲೆ ಈ ದೇಶಕ್ಕೆ ಬಂದದ್ದು. ಆದ್ದರಿಂದ ಕಥೆಗೂ ಇಸವಿಗೂ ಗಂಟು ಹಾಕುವ ಗೋಜಿಗೆ ಹೋಗದಿರುವುದು ಕ್ಷೇಮ. ಈಗ ಬಡಾವಣೆಗಳಾಗಿರುವ ಆ ಹೆಸರುಗಳೆಲ್ಲ ಒಂದು ಕಾಲಕ್ಕೆ ಹೊಲಗಳಿದ್ದ ಹಳ್ಳಿಗಳು ಎಂಬುದನ್ನು ಮಕ್ಕಳಿಗೆ ಹೇಳಿದರೆ ಸಾಕು.

ಕಾಯಿ ನೋಡುವ ಬಗೆ

ಈಗ ಮುಖ್ಯ ಕೆಲಸ. ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳದೆ ರಸ್ತೆಯ ಒಂದು ಬದಿಯಲ್ಲಿ ಹೋಗಿ ಇನ್ನೊಂದು ಬದಿಯಲ್ಲಿ ಬರಬೇಕು. ಬೆಲೆ ಎಲ್ಲೆಲ್ಲಿ ಎಷ್ಟಿದೆ, ಯಾರ ಗುಡ್ಡೆಯಲ್ಲಿ ಮಣ್ಣು ಹೆಚ್ಚು, ಯಾರು ನೀರು ಚಿಮುಕಿಸಿ ಹೊಳಪು ತರಿಸಿದ್ದಾರೆ ಎಂಬುದೆಲ್ಲ ಈ ಸುತ್ತಿನಲ್ಲಿ ತಿಳಿಯುತ್ತದೆ. ಕಾಯಿಗೆ ಅಂಟಿದ ಒಣ ಮಣ್ಣನ್ನು ಕಂಡು ಹಿಂಜರಿಯಬೇಕಾಗಿಲ್ಲ, ಅದು ತೊಳೆದರೆ ಹೋಗುತ್ತದೆ. ಹಿಂಜರಿಯಬೇಕಾದದ್ದು ಒದ್ದೆಯಾಗಿ ಕಪ್ಪು ಮಚ್ಚೆ ಬಿದ್ದ ಸಿಪ್ಪೆಯನ್ನು ಕಂಡು.

ಎರಡನೆಯ ಸುತ್ತಿನಲ್ಲಿ ಮೆಚ್ಚಿದ ಗುಡ್ಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮೇಲಿನಿಂದ ಒಂದು, ಒಳಗಿನಿಂದ ಒಂದು, ಬುಡದಿಂದ ಒಂದು ಕಾಯಿ ತೆಗೆದು ನೋಡಬೇಕು. ಮೂತಿಯ ಕಡೆ ಹೆಬ್ಬೆರಳಿನಿಂದ ಒತ್ತಿದರೆ ಕಾಯಿ ಸೀಳಿಕೊಳ್ಳುತ್ತದೆ. ಎಲ್ಲರೂ ಒಳಗಿನ ಬೀಜವನ್ನು ಬಾಯಿಗೆ ಹಾಕಿಕೊಂಡು ಸಿಪ್ಪೆಯನ್ನು ಬಿಸಾಡುತ್ತಾರೆ, ಆದರೆ ನೋಡಬೇಕಾದದ್ದು ಆ ಸಿಪ್ಪೆಯ ಒಳಮೈಯನ್ನು. ಒಳಮೈ ಬೆಳ್ಳಗೆ, ಮೆತ್ತಗೆ, ಹತ್ತಿಯಂತೆ ಇದ್ದರೆ ಕಾಯಿ ಎಳೆಯದು. ಕಂದು ಬಣ್ಣದ ಗೆರೆಗಳೂ ಕಲೆಗಳೂ ಮೂಡಿ ಗಟ್ಟಿಯಾಗಿದ್ದರೆ ಬಲಿತದ್ದು. ಬಲಿತ ಕಾಯಿಯ ಬೀಜ ಸಿಪ್ಪೆಯನ್ನು ತುಂಬಿಕೊಂಡಿರುತ್ತದೆ, ಅದರ ಹೊರಪದರ ನಯವಾಗಿ ಬಿಗಿದಿರುತ್ತದೆ. ಎಳೆಯದನ್ನು ಒಣಗಿಸಿದರೆ ಬೀಜ ಸುಕ್ಕುಗಟ್ಟಿ ಜೊಳ್ಳಾಗುತ್ತದೆ, ಆದರೆ ಅಂದೇ ಬೇಯಿಸಿ ತಿನ್ನಲು ಅದಕ್ಕೊಂದು ಸಿಹಿಯಿದೆ. ಹಾಗಾಗಿ ಬೇಯಿಸಲು ಎಳೆ, ಬಲಿತು ಬೆರೆತದ್ದಾದರೂ ನಡೆಯುತ್ತದೆ. ಇಟ್ಟುಕೊಳ್ಳಲು ಬಲಿತದ್ದೇ ಬೇಕು.

ಒಣಗಿದ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಬೇಕು. ಬೀಜ ಗಲಗಲ ಎಂದರೆ ಒಣಗಿದೆ ಎಂದರ್ಥ, ಸದ್ದಿಲ್ಲದಿದ್ದರೆ ಇನ್ನೂ ತೇವವಿದೆ. ಮೂರು ಬೀಜದ ಉದ್ದ ಕಾಯಿ ನೋಡಲು ಚೆಂದ, ಎರಡು ಬೀಜದ ಗಿಡ್ಡ ಕಾಯಿಗೆ ಅಷ್ಟು ಗಿರಾಕಿಯಿಲ್ಲ. ರುಚಿಯಲ್ಲಿ ಗಿಡ್ಡನೆಯದೇ ಮೇಲು ಎಂಬುದು ನನ್ನ ಪಕ್ಷಪಾತ.

ಅಳತೆಯ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಪರಿಷೆಯಲ್ಲಿ ಸೇರು, ಲೀಟರು ಎಂದು ಪಾತ್ರೆಯಲ್ಲಿ ಅಳೆಯುವವರೂ ಇದ್ದಾರೆ, ತಕ್ಕಡಿಯಲ್ಲಿ ತೂಗುವವರೂ ಇದ್ದಾರೆ. ಹೊಲದಿಂದ ಆಗತಾನೆ ಬಂದ ಹಸಿ ಕಾಯಿಯಲ್ಲಿ ನೀರಿನ ಅಂಶವೇ ಬಹಳ, ಆದ್ದರಿಂದ ಅದನ್ನು ತೂಕಕ್ಕೆ ಕೊಂಡರೆ ನೀರಿಗೂ ದುಡ್ಡು ಕೊಟ್ಟಂತೆ. ಅಳತೆಗೆ ಕೊಳ್ಳುವುದು ವಾಸಿ. ಒಣ ಕಾಯಿಯನ್ನು ತೂಕಕ್ಕೆ ಕೊಳ್ಳಬೇಕು, ಏಕೆಂದರೆ ಒಳಗೆ ಏನೂ ಇಲ್ಲದ ದಪ್ಪ ಸಿಪ್ಪೆ ಅಳತೆಯ ಪಾತ್ರೆಯನ್ನು ತುಂಬಿಬಿಡುತ್ತದೆ, ತಕ್ಕಡಿಯಲ್ಲಿ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ಪಾತ್ರೆಯಲ್ಲಿ ಅಳೆಯುವಾಗ ಬುಡ ನಗ್ಗಿ ಒಳಕ್ಕೆ ಬಂದಿದೆಯೇ ಎಂದು ಒಮ್ಮೆ ಕಣ್ಣಾಡಿಸಬೇಕು, ಕಂಠದ ಮೇಲೆ ಗೋಪುರ ಬರುವಷ್ಟು ತುಂಬಿಸಿಕೊಳ್ಳಬೇಕು.

ಇನ್ನು ಚೌಕಾಸಿ. ಗಾಳಿ, ಇಬ್ಬನಿಗಳಲ್ಲಿ ಗೋಣಿಚೀಲದ ಮೇಲೆಯೇ ರಾತ್ರಿ ಕಳೆದವರ ಹತ್ತಿರ ಬೆಲೆಯನ್ನು ಅರ್ಧಕ್ಕೆ ಇಳಿಸಲು ಹೊರಡುವುದು ನ್ಯಾಯವೂ ಅಲ್ಲ, ಫಲ ಕೊಡುವುದೂ ಇಲ್ಲ. ಬೆಲೆಯನ್ನು ಒಪ್ಪಿಕೊಂಡು, ‘ಕೊಸರು ಹಾಕಮ್ಮ’ ಎಂದರೆ, ‘ಆಗ್ಲೇ ಹಾಕಿದೀನಲ್ಲ ಕಣಣ್ಣ’ ಎನ್ನುತ್ತಲೇ ಮತ್ತೊಂದು ಹಿಡಿ ಚೀಲಕ್ಕೆ ಬೀಳುತ್ತದೆ. ಪರಿಷೆಯ ವ್ಯಾಪಾರದ ರೀತಿಯೇ ಅದು.

ಅಲ್ಲಿಯೇ ತಿನ್ನಲು ಮರಳಿನಲ್ಲಿ ಹುರಿದ ಬಿಸಿ ಕಾಯಿಯೂ ಉಪ್ಪುನೀರಿನಲ್ಲಿ ಬೆಂದದ್ದೂ ಸಿಗುತ್ತವೆ. ಕಡ್ಲೆಪುರಿ, ಬೆಂಡು, ಬತ್ತಾಸು, ಕಲ್ಯಾಣಸೇವೆ ಇಲ್ಲದೆ ಪರಿಷೆಯಿಂದ ಮರಳುವ ರೂಢಿಯಿಲ್ಲ. ಐದು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಬೀಜ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಕಡಲೆಬೀಜ ಒಗ್ಗದವರು ಮನೆಯಲ್ಲಿದ್ದರೆ ಅವರ ಬಗ್ಗೆ ಹೇಳಬೇಕಾದದ್ದೇ ಇಲ್ಲ. ಬಸವನಗುಡಿ ದೂರವಾಗುವವರಿಗೆ ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಬಳಿಯೂ ಇತ್ತೀಚಿನ ವರ್ಷಗಳಲ್ಲಿ ಪರಿಷೆ ನಡೆಯುತ್ತಿದೆ.

ಮನೆಗೆ ಬಂದ ಮೇಲೆ

ಎಷ್ಟೇ ಆಯಾಸವಾಗಿದ್ದರೂ ಅದೇ ದಿನ ಚೀಲವನ್ನು ಬರಿದು ಮಾಡಬೇಕು. ಹಳೆಯ ಸೀರೆಯ ಮೇಲೋ ದಿನಪತ್ರಿಕೆಯ ಮೇಲೋ ಕಾಯಿಯನ್ನು ಒಂದೇ ಪದರವಾಗಿ ಹರಡಿ, ಒಡೆದದ್ದು, ಹುಳು ಕೊರೆದದ್ದು, ಕಪ್ಪಾದದ್ದನ್ನು ಆರಿಸಿ ತೆಗೆಯಬೇಕು.

ಅಂದು ಬೇಯಿಸುವಷ್ಟನ್ನು ಪಕ್ಕಕ್ಕೆ ತೆಗೆದು, ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ಉಜ್ಜಿ ತೊಳೆಯಬೇಕು. ಕುಕ್ಕರಿನಲ್ಲಿ ಕಾಯಿ ಮುಳುಗುವಷ್ಟು ನೀರು, ಲೀಟರು ನೀರಿಗೆ ಎರಡು ದೊಡ್ಡ ಚಮಚದಷ್ಟು ಕಲ್ಲುಪ್ಪು ಹಾಕಿ, ಹಸಿ ಕಾಯಿಯಾದರೆ ಮೂರು ನಾಲ್ಕು ಕೂಗು ಕೂಗಿಸಬೇಕು. ಒಲೆ ಆರಿಸಿದ ಮೇಲೆ ನೀರನ್ನು ಬಸಿಯದೆ ಅರ್ಧ ಗಂಟೆ ಹಾಗೆಯೇ ಬಿಡಬೇಕು. ಸಿಪ್ಪೆಯನ್ನು ದಾಟಿ ಬೀಜಕ್ಕೆ ಉಪ್ಪು ಹಿಡಿಯಲು ಅಷ್ಟು ಹೊತ್ತು ಬೇಕು. ಈ ಅರ್ಧ ಗಂಟೆಯನ್ನು ಉಳಿಸಲು ಹೋದವರ ಮನೆಯ ಕಡಲೆಕಾಯಿ ಸಪ್ಪೆಯಾಗಿರುತ್ತದೆ. ಒಣಗಿದ ಕಾಯಿಯನ್ನೇ ಬೇಯಿಸುವುದಾದರೆ ರಾತ್ರಿಯಿಡೀ ನೆನೆಸಿ ಇನ್ನೂ ಎರಡು ಕೂಗು ಹೆಚ್ಚಿಗೆ ಕೊಡಬೇಕು. ಬೆಂದದ್ದನ್ನು ಅಂದೇ ತಿನ್ನುವುದು ಒಳ್ಳೆಯದು, ಉಳಿದರೆ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಮುಗಿಸಬೇಕು.

ಮಿಕ್ಕ ಹಸಿ ಕಾಯಿಯನ್ನು ತೊಳೆಯದೆ ಬಿಸಿಲಿನಲ್ಲಿ ಹರಡಬೇಕು. ನವೆಂಬರ್‌ನಲ್ಲಿ ಬೆಂಗಳೂರಿನ ಬಿಸಿಲನ್ನು ನಂಬುವಂತಿಲ್ಲ, ಮೋಡ ಮುಸುಕಿ ಜಡಿಮಳೆ ಹಿಡಿದರೆ ಒಳಗೆ ಫ್ಯಾನಿನ ಗಾಳಿಗಾದರೂ ಹಾಕಿ, ದಿನಕ್ಕೆರಡು ಸಲ ಕೈಯಾಡಿಸಿ, ಬೀಜ ಗಲಗಲ ಎನ್ನುವವರೆಗೆ ಒಣಗಿಸಬೇಕು. ಅಪಾರ್ಟ್‌ಮೆಂಟಿನಲ್ಲಿ ಬಿಸಿಲು ಬೀಳುವ ಜಾಗವೇ ಇಲ್ಲದವರು ಹಸಿ ಕಾಯಿಯನ್ನು ಒಂದೆರಡು ಹೊತ್ತಿಗಾಗುವಷ್ಟು ಮಾತ್ರ ತಂದು, ಉಳಿದದ್ದನ್ನು ಒಣಗಿದ್ದೇ ಕೊಳ್ಳಬೇಕು. ತೇವ ಉಳಿದ ಕಡಲೆಕಾಯಿಯಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ, ಅದು ಯಕೃತ್ತಿಗೆ ಕೇಡು, ಬೇಯಿಸಿದರೂ ಹುರಿದರೂ ಪೂರ್ತಿಯಾಗಿ ಹೋಗುವುದಿಲ್ಲ. ಹಸಿರೋ ಹಳದಿಯೋ ಪುಡಿ ಕಂಡ ಕಾಯಿಯನ್ನು, ಕಹಿ ಎನಿಸಿದ ಬೀಜವನ್ನು ಒರೆಸಿ ತಿನ್ನುವ ಜಿಪುಣತನ ಬೇಡ, ಎಸೆದುಬಿಡಬೇಕು. ಚೆನ್ನಾಗಿ ಒಣಗಿದ್ದನ್ನು ಬಟ್ಟೆ ಚೀಲದಲ್ಲಿ ಗಾಳಿಯಾಡುವ ಕಡೆ ತೂಗುಹಾಕಿದರೆ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಬೇಕಾದ ಬೀಜ ಮನೆಯದೇ ಆಗುತ್ತದೆ.

ಸಿಪ್ಪೆಯನ್ನು ಕಸಕ್ಕೆ ಹಾಕಬೇಕಾಗಿಲ್ಲ. ಹಸಿ ಕಾಯಿಯದೂ ಹುರಿದದ್ದರದೂ ಆದರೆ ಕೈಯಲ್ಲಿ ಪುಡಿಮಾಡಿ ಮನೆಯ ಗೊಬ್ಬರದ ಡಬ್ಬಕ್ಕೆ ಸೇರಿಸಬಹುದು, ಅಡುಗೆಮನೆಯ ಹಸಿಕಸದ ತೇವವನ್ನು ಅದು ಚೆನ್ನಾಗಿ ಹೀರಿಕೊಳ್ಳುತ್ತದೆ. ಉಪ್ಪುನೀರಿನಲ್ಲಿ ಬೆಂದ ಸಿಪ್ಪೆಯನ್ನೂ ಆ ನೀರನ್ನೂ ಮಾತ್ರ ಗಿಡಗಳ ಹತ್ತಿರ ಸುಳಿಯಗೊಡಬಾರದು.