ಮಳೆಗಾಲಕ್ಕೆ ಬೋಟಿನ ಹೊದಿಕೆ: ಕಮ್ಮಿ ಖರ್ಚಿನಲ್ಲಿ ಗಟ್ಟಿಯಾದದ್ದನ್ನು ಆರಿಸುವುದು ಹೇಗೆ?

ಕಾರವಾರದ ಕಾಳಿ, ಹೊನ್ನಾವರದ ಶರಾವತಿ, ಕುಂದಾಪುರದ ಪಂಚಗಂಗಾವಳಿ, ಕೋಡಿ ಬೆಂಗ್ರೆಯ ಹಿನ್ನೀರು. ಈ ದಡಗಳಲ್ಲಿ ಈಗ ಮೀನುಗಾರಿಕೆಯ ದೋಣಿಗಳ ಜೊತೆಗೆ ಹೋಂಸ್ಟೇಗಳವರ, ಮನೆಯವರ ಸಣ್ಣ ಫೈಬರ್ ಬೋಟುಗಳೂ ಕಾಣುತ್ತವೆ. ಅತಿಥಿಗಳನ್ನು ಸುತ್ತಾಡಿಸಲು, ಸಂಜೆ ಗಾಳ ಹಾಕಲು, ಮಕ್ಕಳ ಜೊತೆ ಒಂದು ಸುತ್ತು ಹೋಗಿ ಬರಲು. ಜೂನ್ ಬಂತೆಂದರೆ ಇವೆಲ್ಲ ದಡ ಹತ್ತುತ್ತವೆ. ಮುಂದಿನ ನಾಲ್ಕು ತಿಂಗಳು ಒಂದೇ ಜಾಗದಲ್ಲಿ ಕೂರುತ್ತವೆ. ಓಡುವ ಎಂಟು ತಿಂಗಳಿಗಿಂತ ಸುಮ್ನೆ ಕೂರುವ ಈ ನಾಲ್ಕು ತಿಂಗಳಲ್ಲೇ ಬೋಟಿಗೆ ಜಾಸ್ತಿ ಪೆಟ್ಟು ಬೀಳುತ್ತದೆ.

ಅದಕ್ಕೇ ಹೊದಿಕೆಯ ವಿಷಯದಲ್ಲಿ ಸ್ವಲ್ಪ ತಲೆ ಓಡಿಸಬೇಕು. ಆನ್‌ಲೈನಿನಲ್ಲಿ ಸಿಗುವ ರೆಡಿಮೇಡ್ ಬೋಟ್ ಕವರುಗಳಲ್ಲಿ ಬಹಳಷ್ಟು ಅಮೆರಿಕದ ಬೋಟುಗಳ ಆಕಾರಕ್ಕೆ, ಅಲ್ಲಿನ ಹವೆಗೆ ತಕ್ಕಂತೆ ಮಾಡಿದವು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುತ್ತದೆ. ಆ ಮಳೆ ತಡೆಯುವ ಹೊದಿಕೆ ಬೇಕಾದರೆ ದೊಡ್ಡ ಬ್ರಾಂಡ್ ಬೇಕಿಲ್ಲ, ದಪ್ಪದ ಬಟ್ಟೆಯೊಂದೇ ಸಾಕಾಗುವುದೂ ಇಲ್ಲ. ಸರಿಯಾದ ಅಳತೆ, ನೀರು ಇಳಿದು ಹೋಗುವ ಇಳಿಜಾರು, ಒಳಗೆ ಗಾಳಿ ಆಡುವ ದಾರಿ, ಈ ಮೂರು ಇರಬೇಕು. ಇವನ್ನು ನಮ್ಮ ಊರಿನ ಟಾರ್ಪಾಲ್ ಹೊಲಿಯುವವರೇ ಮಾಡಿಕೊಡಬಲ್ಲರು.

ಮೊದಲು ಬೋಟು ಎಲ್ಲಿ ಕೂರುತ್ತದೆ ನೋಡಿ

ಬಟ್ಟೆಯ ಅಂಗಡಿಗೆ ಹೋಗುವ ಮೊದಲು ಬೋಟು ಇಡುವ ಜಾಗಕ್ಕೆ ಹೋಗಿ ನಿಂತುಕೊಳ್ಳಿ. ಮೇಲೆ ಶೆಡ್ ಇದೆಯೇ? ಹಾಗಿದ್ದರೆ ಇರಚಲು ಮತ್ತು ಧೂಳು ತಡೆಯುವ ತೆಳು ಹೊದಿಕೆ ಸಾಕು, ಉಳಿದ ದುಡ್ಡು ಉಳಿಸಿ. ಬಯಲಲ್ಲಿ ಇದೆಯೇ? ಆಗ ಮಳೆಯ ಜೊತೆಗೆ ಏಪ್ರಿಲ್, ಮೇ ತಿಂಗಳ ಬಿಸಿಲನ್ನೂ ತಾಳುವ ಬಟ್ಟೆ ಬೇಕು. ತೆಂಗಿನ ಮರದ ಕೆಳಗೆ ಇದೆಯೇ? ಬೋಟನ್ನು ಸರಿಸಿ. ಬೀಳುವ ಮಡಲು ಮತ್ತು ಕಾಯಿಯನ್ನು ಯಾವ ಬಟ್ಟೆಯೂ ತಡೆಯುವುದಿಲ್ಲ, ಎಷ್ಟೇ ಬೆಲೆ ಕೊಟ್ಟಿರಿ.

ಟ್ರೈಲರಿನಲ್ಲಿ ಹೆದ್ದಾರಿ ಮೇಲೆ ಎಳೆದುಕೊಂಡು ಹೋಗುವವರ ಅಗತ್ಯವೇ ಬೇರೆ. ಅವರಿಗೆ ಬೋಟಿನ ಮೈಗೆ ಅಂಟಿ ಕೂರುವ, ಗಾಳಿಗೆ ಬಡಿಯದ ಹೊದಿಕೆ ಬೇಕು. ಮಳೆಗಾಲಕ್ಕೆ ಹೊಲಿಸಿದ್ದನ್ನು ಆ ಕೆಲಸಕ್ಕೆ ಬಳಸಬೇಡಿ, ವೇಗಕ್ಕೆ ಹರಿದು ಹೋಗುತ್ತದೆ. ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ, ಇಟ್ಟುಕೊಂಡವರು ಇಷ್ಟೆಲ್ಲ ಯೋಚಿಸುವ ಅಗತ್ಯವೇ ಇಲ್ಲ. ಪ್ಲಾಸ್ಟಿಕ್ ಕಯಾಕಿಗೆ ಮಳೆಗಿಂತ ಬಿಸಿಲು ದೊಡ್ಡ ಶತ್ರು. ಮಗುಚಿ ನೆರಳಲ್ಲಿಟ್ಟರೆ ಆಯಿತು.

ಯಾವ ಬಟ್ಟೆ?

ಮಾರುಕಟ್ಟೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆ ಸಿಗುತ್ತದೆ.

ಎಲ್ಲಕ್ಕಿಂತ ಅಗ್ಗದ್ದು ನೀಲಿ ಬಣ್ಣದ ಪ್ಲಾಸ್ಟಿಕ್ ಟಾರ್ಪಾಲು. ಪಾಲಿಎಥಿಲೀನ್ ಪಟ್ಟಿಗಳನ್ನು ನೇಯ್ದು, ಎರಡೂ ಕಡೆ ಅದರದ್ದೇ ಪದರ ಹಚ್ಚಿರುತ್ತಾರೆ. ಹೊಸದಿದ್ದಾಗ ಒಂದು ಹನಿ ಒಳಗೆ ಬಿಡುವುದಿಲ್ಲ. ಆದರೆ ತೆಳು ಮಾಲಾದರೆ ಬಿಸಿಲಿಗೆ ಸುಟ್ಟು, ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ಆ ಪುಡಿ ನೇರ ಹೊಳೆಗೆ ಹೋಗುತ್ತದೆ. ನಮ್ಮ ಬೋಟು ಓಡುವ, ನಮ್ಮವರು ಮೀನು ಹಿಡಿಯುವ ಹೊಳೆಗೆ. ವರ್ಷಕ್ಕೊಂದು ತೆಳು ಟಾರ್ಪಾಲು ತಂದು ಎಸೆಯುವುದನ್ನು ನಾನು ಒಪ್ಪದೇ ಇರಲು ಇದೇ ದೊಡ್ಡ ಕಾರಣ. ಇದೇ ಬಗೆ ಬೇಕಿದ್ದರೆ ಐಎಸ್‌ಐ ಗುರುತಿನದ್ದನ್ನು ಕೇಳಿ. ನೇಯ್ದ ಟಾರ್ಪಾಲಿಗೆ ಐಎಸ್ 7903, ಪದರ ಪದರವಾಗಿ ಅಂಟಿಸಿದ್ದಕ್ಕೆ ಐಎಸ್ 14611 ಎಂಬ ಸಂಖ್ಯೆ ಇರುತ್ತದೆ. ಕಪ್ಪು ಬಣ್ಣದ್ದು ಸಿಕ್ಕರೆ ಒಳ್ಳೆಯದು. ಅದರಲ್ಲಿ ಬೆರೆಸುವ ಕಾರ್ಬನ್ ಕಪ್ಪು ಬಿಸಿಲಿನ ಯುವಿ ಕಿರಣವನ್ನು ತಡೆಯುತ್ತದೆ. ಒಳಗೆ ಸ್ವಲ್ಪ ಶಾಖ ಜಾಸ್ತಿ, ಆದರೆ ಬಾಳಿಕೆ ಹೆಚ್ಚು.

ಎರಡನೆಯದು ಲಾರಿಗೆ ಹೊದಿಸುವ ಪಿವಿಸಿ ಟಾರ್ಪಾಲು. ಒಳಗೆ ಪಾಲಿಯೆಸ್ಟರ್ ನೇಯ್ಗೆ, ಮೇಲೆ ಪಿವಿಸಿ ಲೇಪ. ಭಾರ ಇದೆ, ಗಟ್ಟಿ ಇದೆ, ಹರಿದರೆ ತೇಪೆ ಹಾಕಬಹುದು. ಎಲ್ಲ ಪೇಟೆಯಲ್ಲೂ ಇದನ್ನು ಕತ್ತರಿಸಿ ಹೊಲಿಯುವವರು ಸಿಗುತ್ತಾರೆ. ಬಯಲಲ್ಲಿ ಕೂರುವ ಬೋಟಿಗೆ ನನ್ನ ಆಯ್ಕೆ ಇದೇ. ಇದರ ಒಂದು ಕೊರತೆ, ಬಟ್ಟೆ ಉಸಿರಾಡುವುದಿಲ್ಲ. ಅದಕ್ಕೆ ಏನು ಮಾಡಬೇಕು ಎಂದು ಮುಂದೆ ಹೇಳುತ್ತೇನೆ.

ಮೂರನೆಯದು ರೆಡಿಮೇಡ್ ಕವರುಗಳಲ್ಲಿ ಬರುವ ಪಾಲಿಯೆಸ್ಟರ್. ಇದರ ಮೇಲೆ 300ಡಿ, 600ಡಿ ಎಂದು ಬರೆದಿರುತ್ತಾರೆ. ಡಿ ಎಂದರೆ ಡೆನಿಯರ್. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ಅದು ನೂಲಿನ ದಪ್ಪ ಮಾತ್ರ ಹೇಳುತ್ತದೆ, ನೇಯ್ಗೆ ಎಷ್ಟು ಒತ್ತಾಗಿದೆ, ಲೇಪ ಎಷ್ಟು ಒಳ್ಳೆಯದು ಎಂದು ಹೇಳುವುದಿಲ್ಲ. ಹಾಗಾಗಿ ಸಂಖ್ಯೆ ದೊಡ್ಡದಿದೆ ಎಂದು ಮರುಳಾಗಬೇಡಿ. ಶೆಡ್ಡಿನ ಕೆಳಗೆ ಇದು ಚೆನ್ನಾಗಿ ನಡೆಯುತ್ತದೆ.

ನಾಲ್ಕನೆಯದು ಅಕ್ರಿಲಿಕ್ ಕ್ಯಾನ್ವಾಸ್. ನೂಲು ತಯಾರಾಗುವಾಗಲೇ ಬಣ್ಣ ಬೆರೆಸಿರುವುದರಿಂದ ಬೇಗ ಮಾಸುವುದಿಲ್ಲ, ಗಾಳಿಯೂ ಆಡುತ್ತದೆ. ಸನ್‌ಬ್ರೆಲ್ಲಾ ಇದರಲ್ಲಿ ಹೆಸರಾಂತ ಬ್ರಾಂಡ್. ಬೆಲೆ ಮಾತ್ರ ಜಾಸ್ತಿ. ದೊಡ್ಡ ಯಾಟ್ ಇದ್ದವರಿಗೆ ಸರಿ, 16 ಅಡಿಯ ಬೋಟಿಗೆ ಅಷ್ಟು ಖರ್ಚು ಬೇಡ.

ಅಂಗಡಿಯಲ್ಲಿ ತಕ್ಕಡಿ ಕೇಳಿ

ಟಾರ್ಪಾಲಿನ ಗುಣಮಟ್ಟವನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಇದೆ ಎಂದು ಅರ್ಥ. ಮಾತಿನಲ್ಲಿ 200 ಜಿಎಸ್‌ಎಂ ಎನ್ನುವುದು ಸುಲಭ. ಪರೀಕ್ಷಿಸುವುದೂ ಅಷ್ಟೇ ಸುಲಭ.

12 ಅಡಿ ಅಗಲ, 18 ಅಡಿ ಉದ್ದದ ಟಾರ್ಪಾಲು ಎಂದರೆ 216 ಚದರ ಅಡಿ. ಅದನ್ನು 10.76ರಿಂದ ಭಾಗಿಸಿದರೆ ಸುಮಾರು 20 ಚದರ ಮೀಟರ್. 200 ಜಿಎಸ್‌ಎಂ ನಿಜವಾಗಿದ್ದರೆ ಅದು ಹತ್ತಿರಹತ್ತಿರ 4 ಕೆ.ಜಿ. ತೂಗಬೇಕು. ತಕ್ಕಡಿಯಲ್ಲಿ ಎರಡೂವರೆ ಕೆ.ಜಿ. ಬಂದರೆ ನಿಮ್ಮ ಕೈಯಲ್ಲಿರುವುದು 120ರ ಆಸುಪಾಸಿನ ಮಾಲು. ಲಾರಿ ಟಾರ್ಪಾಲು ಕೊಳ್ಳುವಾಗ ತುಂಡು ಕೇಳಿ. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡನ್ನು ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿಟ್ಟು, ಬಂದ ಗ್ರಾಂ ಅನ್ನು 100ರಿಂದ ಗುಣಿಸಿ. ಐದೂವರೆ ಗ್ರಾಂ ಬಂದರೆ 550 ಜಿಎಸ್‌ಎಂ. ಬೋಟಿಗೆ ಅದು ಧಾರಾಳ.

ತೂಕ ನೋಡಿದ ಮೇಲೆ ಇನ್ನೆರಡು ನೋಡಿ. ಬಟ್ಟೆಯನ್ನು ಬಿಸಿಲಿಗೆ ಅಡ್ಡ ಹಿಡಿಯಿರಿ. ಸೂಜಿ ಮೊನೆಯಂಥ ಬೆಳಕಿನ ಚುಕ್ಕೆ ಕಂಡರೆ ಬೇಡ. ತುಂಡಿನ ಅಂಚಿಗೆ ಸಣ್ಣ ಕತ್ತರಿ ಕೊಟ್ಟು ಕೈಯಲ್ಲಿ ಎಳೆಯಿರಿ. ಪರ್ರನೆ ಸೀಳಿದರೆ ಅದೂ ಬೇಡ.

ಕೊಳ್ಳಲು ಒಳ್ಳೆಯ ಸಮಯ ಫೆಬ್ರವರಿ, ಮಾರ್ಚ್. ಮೇ ಕೊನೆಗೆ ಊರಿಗೆ ಊರೇ ಸೌದೆ ಕೊಟ್ಟಿಗೆ, ಜಗಲಿ, ಅಂಗಡಿ ಮುಂಗಟ್ಟಿಗೆ ಟಾರ್ಪಾಲು ಹುಡುಕುತ್ತಿರುತ್ತದೆ. ಹೊಲಿಯುವವರಿಗೆ ಪುರಸೊತ್ತು ಇರುವುದಿಲ್ಲ, ಕೆಲಸವೂ ಅವಸರದ್ದಾಗುತ್ತದೆ.

ಅಳತೆ ತೆಗೆಯುವುದು

ಬೋಟಿನ ಪೇಪರಿನಲ್ಲಿರುವ ಉದ್ದವನ್ನು ನಂಬಿಕೊಂಡು ಹೋಗಬೇಡಿ. ಟೇಪು ಹಿಡಿದು ಮೂತಿಯ ತುದಿಯಿಂದ ಹಿಂಬದಿಯ ಅಂಚಿನ ತನಕ ನೇರವಾಗಿ ಅಳೆಯಿರಿ. ಅಗಲವನ್ನು ಅತಿ ಅಗಲವಾದ ಜಾಗದಲ್ಲಿ ತೆಗೆದುಕೊಳ್ಳಿ. ಗಾಜು, ಸ್ಟೀರಿಂಗ್, ಕಂಬಿ ಏನೇ ಎದ್ದು ನಿಂತಿದ್ದರೂ ಅದರ ಎತ್ತರ ಬರೆದುಕೊಳ್ಳಿ.

ಒಂದು ಲೆಕ್ಕ ಹಾಕೋಣ. ಬೋಟು 16 ಅಡಿ ಉದ್ದ, 6 ಅಡಿ ಅಗಲ. ನೀರು ಎರಡೂ ಬದಿಗೆ ಇಳಿಯಲು ಹೊದಿಕೆಗೆ ನಡುವೆ ಅಂಚಿನಿಂದ 2 ಅಡಿ ಎತ್ತರದ ಬೆನ್ನು, ಅಂದರೆ ಮಾಡಿನ ನೆತ್ತಿಯಂಥ ಏಣು, ಕೊಡುತ್ತೀರಿ ಎಂದುಕೊಳ್ಳಿ. ಆಗ ಒಂದು ಬದಿಯ ಇಳಿಜಾರು ಸುಮಾರು 3.6 ಅಡಿ, ಎರಡೂ ಬದಿ ಸೇರಿ 7.2 ಅಡಿ. ಅಂಚಿನಿಂದ ಕೆಳಗೆ ಒಂದೊಂದು ಬದಿಗೆ ಒಂದೂವರೆ ಅಡಿ ಇಳಿಬಿಡಬೇಕು. ಒಟ್ಟು ಅಗಲ 10 ಅಡಿ ದಾಟಿತು, 11 ಇರಲಿ. ಉದ್ದಕ್ಕೆ ಹಿಂದೆ ಮುಂದೆ ಸೇರಿಸಿ 20 ಅಡಿ. ರೆಡಿ ಟಾರ್ಪಾಲು ತರುವುದಾದರೆ ಹೇಳುವ ಅಳತೆ ಅಂಚು ಮಡಚುವ ಮುಂಚಿನದೋ ನಂತರದ್ದೋ ಎಂದು ಕೇಳಿ. ಅರ್ಧ ಅಡಿ ಅಲ್ಲೇ ಕಡಿಮೆಯಾಗಿರಬಹುದು.

ಔಟ್‌ಬೋರ್ಡ್ ಎಂಜಿನ್ನನ್ನು, ಅಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್ನನ್ನು, ಬಿಚ್ಚಿ ಒಳಗಿಡುವುದು ಒಳ್ಳೆಯದು. ಬೋಟಿನಲ್ಲೇ ಇರಬೇಕಾದರೆ ಅದಕ್ಕೆ ಬೇರೆ ಚೀಲ ಹೊಲಿಸಿ. ಎಂಜಿನ್ನನ್ನು ನೆಟ್ಟಗೆ ಕೆಳಗೆ ಇಳಿಸಿಟ್ಟರೆ ಅದರೊಳಗಿನ ನೀರು ಬಸಿದು ಹೋಗುತ್ತದೆ.

ಹೊಲಿಸುವಾಗ ಏನು ಹೇಳಬೇಕು

ಟೈಲರ್ ಎಷ್ಟೇ ಅನುಭವಸ್ಥರಾದರೂ ಅವರು ದಿನಾ ಹೊಲಿಯುವುದು ಲಾರಿಗೆ. ಬೋಟಿಗೆ ಬೇಕಾದ್ದನ್ನು ನೀವೇ ಬಿಡಿಸಿ ಹೇಳಬೇಕು.

ಬೆನ್ನಿನ ಮೇಲೆ ಜೋಡಣೆ ಬರದಂತೆ ಬಟ್ಟೆ ಹಾಸಲು ಹೇಳಿ. ಜೋಡಣೆ ಬಂದೇ ಬರುವುದಾದರೆ ಹಂಚಿನ ಮಾಡಿನ ಹಾಗೆ ಮೇಲಿನ ತುಂಡು ಕೆಳಗಿನದರ ಮೇಲೆ ಹಾದಿರಬೇಕು. ಪಿವಿಸಿ ಬಟ್ಟೆಯನ್ನು ಬಿಸಿ ಮಾಡಿ ಬೆಸೆಯುವ ಯಂತ್ರ ಇದ್ದರೆ ಅದನ್ನೇ ಆರಿಸಿ, ಸೂಜಿ ತೂತೇ ಇರುವುದಿಲ್ಲ. ಹೊಲಿಗೆಯೇ ಆದರೆ ಪಾಲಿಯೆಸ್ಟರ್ ದಾರದಲ್ಲಿ ಎರಡು ಸಾಲು ಹಾಕಿಸಿ. ಹತ್ತಿ ದಾರ ನಮ್ಮ ತೇವಕ್ಕೆ ಕೊಳೆಯುತ್ತದೆ.

ಅಂಚಿನ ಸುತ್ತ ಮಡಿಕೆಯೊಳಗೆ ಹಗ್ಗ ಬರಲಿ. ಹಗ್ಗ ಕಟ್ಟಲು ಅಂಚಿನ ತೂತುಗಳಿಗೆ ಕೂರಿಸುವ ರಿಂಗುಗಳು ಹಿತ್ತಾಳೆಯವೋ ಸ್ಟೇನ್‌ಲೆಸ್ ಸ್ಟೀಲಿನವೋ ಆಗಿರಲಿ. ಬರೀ ಕಬ್ಬಿಣದ್ದು ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಬಟ್ಟೆಯನ್ನೂ ತಿನ್ನುತ್ತದೆ. ಎರಡು ಅಡಿಗೊಂದು ರಿಂಗು ಸಾಕು, ಆದರೆ ಪ್ರತಿ ರಿಂಗಿನ ಕೆಳಗೆ ಬಟ್ಟೆ ಎರಡು ಮೂರು ಪದರ ಇರಬೇಕು. ಗಾಜಿನ ಮೂಲೆ, ಕಂಬಿಯ ತುದಿ ತಾಗುವ ಕಡೆ ಒಳಗಿನಿಂದ ಇನ್ನೊಂದು ತುಂಡು ಹೊಲಿಸಿ. ಆ ಮೂಲೆಗಳಿಗೇ ವಾಹನದ ಹಳೆಯ ಟ್ಯೂಬ್ ಕತ್ತರಿಸಿ ಸುತ್ತಿದರೆ ಇನ್ನೂ ಒಳ್ಳೆಯದು. ಹೊದಿಕೆ ಮೊದಲು ಹರಿಯುವುದು ಹೀಗೆ ಉಜ್ಜುವ ಜಾಗದಲ್ಲೇ.

ಮೂತಿಯ ಕೆಳಗೆ ಒಂದು, ಹಿಂಬದಿಯಲ್ಲಿ ಒಂದು ಗಾಳಿಕಿಂಡಿ ಇಡಿಸಿ. ಸೊಳ್ಳೆ ಪರದೆ ಹೊಲಿದು ಮೇಲಿಂದ ಮಳೆ ಬೀಳದಂತೆ ಮುಚ್ಚಳದ ಪಟ್ಟಿ ಕೊಡಬೇಕು. ಇದೊಂದಕ್ಕೆ ಟೈಲರ್ ಬೇಡ ಎನ್ನಬಹುದು, ನೀವು ಬಿಡಬೇಡಿ.

ಇಳಿಜಾರು ಮತ್ತು ಗಾಳಿ

ಹೊದಿಕೆಯ ಕೆಲಸದಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ. ದುಬಾರಿ ಬಟ್ಟೆ ತಂದು ಬೋಟಿನ ಮೇಲೆ ಚಪ್ಪಟೆಯಾಗಿ ಹಾಸಿ ಕಟ್ಟುತ್ತಾರೆ. ಮೊದಲ ಮಳೆಗೇ ನಡುವೆ ಗುಂಡಿ ಬೀಳುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ 10 ಸೆಂ.ಮೀ. ನೀರು ನಿಂತರೆ ಅದರ ತೂಕ 100 ಕೆ.ಜಿ. ಜೋರು ಮಳೆಗೆ ಒಂದೇ ರಾತ್ರಿ ಅಷ್ಟು ತುಂಬುತ್ತದೆ. ಬಟ್ಟೆ ಹಿಗ್ಗಿ ಗುಂಡಿ ಇನ್ನೂ ಆಳವಾಗುತ್ತದೆ, ರಿಂಗುಗಳು ಕಿತ್ತು ಬರುತ್ತವೆ, ಇಲ್ಲವೇ ಇಡೀ ನೀರು ಬೋಟಿನೊಳಗೆ ಸುರಿಯುತ್ತದೆ. ನಿಂತ ನೀರು ಸೊಳ್ಳೆಗೂ ತೊಟ್ಟಿಲು. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ವಾರ, ಹತ್ತು ದಿನ ಸಾಕು.

ಹಿಂದೆ ನಮ್ಮ ಕರಾವಳಿಯ ಮೀನುಗಾರರು ಮಳೆಗಾಲದಲ್ಲಿ ದೋಣಿಯನ್ನು ಹೆಣೆದ ತೆಂಗಿನ ಮಡಲಿನ ಚಪ್ಪರದ ಕೆಳಗೆ ಇಡುತ್ತಿದ್ದರು. ಆ ಮಾಡು ಕಡಿದಾಗಿ ಇಳಿಯುತ್ತಿತ್ತು, ಎರಡೂ ತುದಿ ತೆರೆದಿರುತ್ತಿತ್ತು. ನೀರು ಜಾರಿತು, ಗಾಳಿ ಆಡಿತು. ನಾವು ಮಾಡಬೇಕಾದ್ದೂ ಅದನ್ನೇ.

ಮುಕ್ಕಾಲು ಇಂಚಿನ ಪಿವಿಸಿ ಪೈಪು ಬಗ್ಗಿಸಿ ಮೂರು ನಾಲ್ಕು ಕಡೆ ಕಮಾನು ಕಟ್ಟಿ. ಅವುಗಳ ನೆತ್ತಿಯ ಮೇಲೆ ಮೂತಿಯಿಂದ ಹಿಂಬದಿ ತನಕ ಬಿದಿರಿನ ಗಳ ಒಂದನ್ನು ಬಿಗಿಯಿರಿ. ಗಳದ ತುದಿಗಳಿಗೆ ಬಟ್ಟೆ ಸುತ್ತಿ, ಇಲ್ಲವಾದರೆ ಅದೇ ಹೊದಿಕೆಯನ್ನು ಚುಚ್ಚುತ್ತದೆ. ಹೊದಿಸಿದ ಮೇಲೆ ಒಂದು ಕೊಡ ನೀರು ನೆತ್ತಿಯ ಮೇಲೆ ಸುರಿದು ನೋಡಿ. ಎಲ್ಲಿ ನಿಲ್ಲುತ್ತದೋ ಅಲ್ಲಿ ಇನ್ನೊಂದು ಕಮಾನು ಬೇಕು.

ಬೋಟಿನ ಮೂತಿಯನ್ನು ಸ್ವಲ್ಪ ಎತ್ತರಿಸಿ, ಹಿಂಬದಿಯ ಡ್ರೈನ್ ಪ್ಲಗ್, ಅಂದರೆ ನೀರು ಬಸಿಯುವ ತೂತಿನ ಬಿರಡೆ, ತೆಗೆದಿಡಿ. ಎಷ್ಟು ಜಾಗ್ರತೆ ಮಾಡಿದರೂ ಸ್ವಲ್ಪ ನೀರು ಒಳಗೆ ಬಂದೇ ಬರುತ್ತದೆ. ಬಂದದ್ದು ಹೊರಗೆ ಹೋಗಬೇಕು, ಅಷ್ಟೇ. ತೆಗೆದ ಪ್ಲಗ್ಗನ್ನು ಕೀಲಿಯ ಜೊತೆ ಕಟ್ಟಿಡಿ, ಅಕ್ಟೋಬರಿನಲ್ಲಿ ಮರೆತು ನೀರಿಗಿಳಿಸಬಾರದಲ್ವಾ? ಕುಶನ್, ಲೈಫ್ ಜಾಕೆಟ್, ಬ್ಯಾಟರಿ ಎಲ್ಲ ಮನೆಯೊಳಗೆ ಬರಲಿ. ಪೆಟ್ರೋಲ್ ಟ್ಯಾಂಕ್ ಬಿಚ್ಚಲು ಬರುವುದಾದರೆ ಅದನ್ನೂ ಹೊರತೆಗೆದು ಗಾಳಿಯಾಡುವ, ಒಲೆ, ಬೆಂಕಿಯಿಂದ ದೂರದ ಜಾಗದಲ್ಲಿಡಿ. ಮುಚ್ಚಿದ ಹೊದಿಕೆಯ ಕೆಳಗೆ ಪೆಟ್ರೋಲ್ ಆವಿ ತುಂಬುವುದು ಅಪಾಯ.

ಕಟ್ಟಲು ಪಾಲಿಯೆಸ್ಟರ್ ಹಗ್ಗ ಒಳ್ಳೆಯದು. ನೈಲಾನ್ ನೆನೆದಾಗ ಹಿಗ್ಗಿ ಸಡಿಲವಾಗುತ್ತದೆ. ಹಗ್ಗವನ್ನು ಬೋಟಿನ ಹೊಟ್ಟೆಯ ಕೆಳಗೆ ದಾಟಿಸಿ ಆ ಬದಿಯ ರಿಂಗಿಗೆ ಬಿಗಿಯಿರಿ. ಅಂಚಿಗೆ ಭಾರ ಬೇಕಾದರೆ ಮರಳಿನ ಚೀಲ ಇಳಿಬಿಡಿ. ಕಲ್ಲು ಕಟ್ಟಿದರೆ ಗಾಳಿಗೆ ತೂಗಿ ಬೋಟಿನ ಮೈ ಕೆತ್ತುತ್ತದೆ. ಮಳೆ ಬಿಟ್ಟ ದಿನ ಒಂದು ಬದಿ ಎತ್ತಿ ಕಟ್ಟಿ ಗಾಳಿಗೆ ಬಿಡಿ. ಬೂಷ್ಟು ಬರದಂತೆ ತಡೆಯಲು ಇದಕ್ಕಿಂತ ಅಗ್ಗದ ಔಷಧಿ ಇಲ್ಲ. ವಾರಕ್ಕೊಮ್ಮೆ ಸುತ್ತ ನಡೆದು ಸಡಿಲವಾದ ಹಗ್ಗ ಬಿಗಿ ಮಾಡಿ. ಪಟಪಟ ಬಡಿಯುವ ಹೊದಿಕೆ ಮರಳಿನ ಕಣ ಸೇರಿಸಿಕೊಂಡು ಬೋಟಿನ ಹೊಳಪನ್ನೇ ಉಜ್ಜಿ ತೆಗೆಯುತ್ತದೆ.

ದುಡ್ಡಿನ ಲೆಕ್ಕ

ಬೆಲೆಯನ್ನು ಮಳೆಗಾಲಗಳಿಂದ ಭಾಗಿಸಿ ನೋಡಿ. 2500 ರೂಪಾಯಿಯ ಟಾರ್ಪಾಲು ಒಂದೇ ಮಳೆಗಾಲ ಬಂತು, 9000 ಕೊಟ್ಟು ಹೊಲಿಸಿದ್ದು ಐದು ಮಳೆಗಾಲ ಬಂತು ಎಂದು ಇಟ್ಟುಕೊಳ್ಳಿ. ಎರಡನೆಯದು ವರ್ಷಕ್ಕೆ 1800 ಬಿತ್ತು. ಒಮ್ಮೆಗೇ ಅಷ್ಟು ಕೊಡಲು ಆಗದಿದ್ದರೆ ಬಟ್ಟೆಯಲ್ಲಿ ಉಳಿಸಿ, ಕಮಾನಿನಲ್ಲಿ ಉಳಿಸಬೇಡಿ. ಸಾಧಾರಣ ಟಾರ್ಪಾಲು ಒಳ್ಳೆಯ ಇಳಿಜಾರಿನ ಮೇಲೆ ಕೂತರೆ ಚಪ್ಪಟೆ ಹಾಸಿದ ದುಬಾರಿ ಬಟ್ಟೆಗಿಂತ ಚೆನ್ನಾಗಿ ಕಾಯುತ್ತದೆ.

ಲಾರಿಗೆ ಬಳಸಿ ಮಾರುವ ಹಳೆಯ ಟಾರ್ಪಾಲೂ ಸಿಗುತ್ತದೆ. ಮಡಿಕೆಯ ಗೆರೆಗಳಲ್ಲಿ ಲೇಪ ಒಡೆದಿಲ್ಲ ಎಂದು ನೋಡಿಕೊಂಡರೆ ಇದು ನಿಜಕ್ಕೂ ಲಾಭ. ಎಣ್ಣೆ, ಸಿಮೆಂಟು ಹಿಡಿದಿದ್ದನ್ನು ಬಿಟ್ಟುಬಿಡಿ.

ಮಳೆ ಮುಗಿದ ಮೇಲೆ

ಹೊದಿಕೆಯನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪಿನ ಹರಳು ಮಡಿಕೆಯಲ್ಲಿ ಉಳಿದರೆ ಲೇಪವನ್ನು ಗೀರುತ್ತದೆ. ಮೆದು ಬ್ರಷ್, ಸ್ವಲ್ಪ ಸೋಪು ಸಾಕು. ಬ್ಲೀಚಿಂಗ್ ಪೌಡರ್ ಬೇಡ, ದಾರ ಬಲ ಕಳೆದುಕೊಳ್ಳುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ, ಮಡಚುವ ಬದಲು ಸುರುಳಿ ಸುತ್ತಿ ಇಲಿ ಬಾರದ ಕಡೆ ತೂಗುಹಾಕಿ. ತೂತು ಕಂಡರೆ ಆಗಲೇ ತೇಪೆ ಹಾಕಿಸಿ. ಪಿವಿಸಿ ಬಟ್ಟೆಗೆ ಅದರದ್ದೇ ತುಂಡು, ಪಿವಿಸಿಗೆ ಹಿಡಿಯುವ ಅಂಟು. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಮುಂದಿನ ಮಳೆಗೆ ಕಿತ್ತು ಬರುವುದಿಲ್ಲ.