ಬೆಳೆದ ಮನೆ ನೆನಪಾಗುವ ಪುಸ್ತಕಗಳನ್ನು ಓದುವ ಬಗೆ

ನಾನು ಬೆಟಗೇರಿಯ ನೇಕಾರರ ಮನೆಯಲ್ಲಿ ಬೆಳೆದವಳು. ಮುಂಜಾನೆ ಲಿಂಗಪೂಜೆ ಆಗುವ ತನಕ ನಮಗೆ ರೊಟ್ಟಿ ಇಲ್ಲ. ಎಂಟು ವರ್ಷದವಳಿದ್ದಾಗ ಒಮ್ಮೆ ಹಸಿವು ತಾಳದೆ ಬುಟ್ಟಿಯಿಂದ ಒಂದು ತುಣುಕು ಮುರಿದುಕೊಂಡೆ. ಅಪ್ಪ ಅವತ್ತು ಸಂಜೆವರೆಗೆ ಊಟ ಕೊಡಲಿಲ್ಲ. ಮಗ್ಗದ ಪಕ್ಕ ಕಂಡಿಕೆ ಸುತ್ತುತ್ತಾ ಕೂತಿದ್ದೆ. ನಲವತ್ತು ದಾಟಿದ ಮೇಲೂ, ಉಣ್ಣುವಾಗ ಹಿಂದೆ ಯಾರದಾದರೂ ಹೆಜ್ಜೆ ಕೇಳಿದರೆ ಕೈ ನಿಲ್ಲುತ್ತಿತ್ತು. ಧರ್ಮ, ಬಾಲ್ಯ, ಒಳಗಿನ ಸಂಕಟದ ಪುಸ್ತಕಗಳನ್ನು ಹುಡುಕಲು ಶುರುಮಾಡಿದ್ದು ಅದಕ್ಕೇ.

ಮೊದಲಿಗೇ ನಿಮ್ಮ ಮನೆಯಂಥದ್ದೇ ಮನೆಯ ಕಥೆ ಎತ್ತಿಕೊಳ್ಳಬೇಡಿ. ನಾನು ಹಾಗೆ ಮಾಡಿ, ಇಪ್ಪತ್ತು ಪುಟಕ್ಕೇ ಸಿಟ್ಟು ನೆತ್ತಿಗೇರಿ ಅಪ್ಪನಿಗೆ ಫೋನ್ ಹಚ್ಚಿ ಜಗಳ ತೆಗೆದೆ. ಹತ್ತು ದಿನ ಮಾತಿಲ್ಲ. ಬೇರೆಯವರ ಮನೆಯಿಂದ ಶುರುಮಾಡಿ. ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ ಒಳ್ಳೆಯದು. 2011ರಲ್ಲಿ ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆಯವರೇ ತಂದದ್ದು. ವಿಧವೆಯಾಗಿದ್ದ ತಾಯಿಯ ಮರುಮದುವೆಯ ಸಂಗತಿ ಅದರಲ್ಲಿದೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಓದಿದರೆ, ದಲಿತ ಹುಡುಗನೊಬ್ಬನಿಗೆ ಊರು ಏನು ಕಲಿಸುತ್ತದೆ ಅನ್ನೋದು ಗೊತ್ತಾಗುತ್ತದೆ. ಕಾದಂಬರಿ ಬೇಕೆಂದರೆ ಯು.ಆರ್. ಅನಂತಮೂರ್ತಿಯವರ 1965ರ ‘ಸಂಸ್ಕಾರ’. ಹೆಣ ಮನೆಯಲ್ಲಿದೆ, ದಹನ ಯಾರು ಮಾಡಬೇಕು ಅಂತ ಅಗ್ರಹಾರವೇ ಕಂಗಾಲು. ಉತ್ತರ ಗ್ರಂಥದಲ್ಲಿ ಸಿಗೋದಿಲ್ಲ.

ಇವನ್ನೆಲ್ಲ ರಾತ್ರಿ ಓದಬೇಡಿ. ರವಿವಾರ ಮಧ್ಯಾಹ್ನ, ಒಂದು ಸಲಕ್ಕೆ ಒಂದು ಅಧ್ಯಾಯ, ಅಷ್ಟೇ ಸಾಕು.

ಜೊತೆಗೆ ಒಂದು ನೋಟ್‌ಬುಕ್ ಇರಲಿ. ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಧರ್ಮ ಹೇಳಿದ್ದು, ಬಲಕ್ಕೆ ಮನೆಯಲ್ಲಿ ನಡೆದದ್ದು. ಎಡಗಡೆ ತುಂಬಲು ಮೂಲವನ್ನೇ ನೋಡಬೇಕು, ಇನ್ನೊಬ್ಬರು ಹೇಳಿದ್ದು ಸಾಲದು. ನನಗೆ ಮೂಲ ಅಂದರೆ ವಚನ. ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ತಾಡೋಲೆ ಹುಡುಕಿ ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚು ಹಾಕಿಸಿದರು. ಆ ಮನುಷ್ಯ ಪಟ್ಟ ಕಷ್ಟಕ್ಕೆ ನಾನು ಕೈಮುಗಿಯುತ್ತೇನೆ. ದಯೆ ಇಲ್ಲದ್ದು ಧರ್ಮ ಹೇಗಾದೀತು ಎಂದು ಬಸವಣ್ಣ ಕೇಳುವುದನ್ನು ಎಡಕ್ಕೆ ಬರೆದೆ. ಬಲಕ್ಕೆ ಆ ರೊಟ್ಟಿ. ತುಂಬಾ ಹೊತ್ತು ಸುಮ್ನೆ ನೋಡುತ್ತಾ ಕೂತೆ. ನಾನು ಇಷ್ಟು ವರ್ಷ ಹೆದರಿದ್ದು ಲಿಂಗಕ್ಕಲ್ಲ, ಅಪ್ಪನ ಧ್ವನಿಗೆ. ಈಗಲೂ ಪೂಜೆ ಮಾಡುತ್ತೇನೆ, ಕೆಲವೊಮ್ಮೆ ಚಹಾ ಕುಡಿದ ಮೇಲೆ.

ಓದುತ್ತಾ ನಿದ್ದೆ ಕೆಟ್ಟರೆ, ಎದೆ ಬಡಿತ ಜಾಸ್ತಿಯಾದರೆ ಪುಸ್ತಕ ಮುಚ್ಚಿಡಿ. ಮನಸ್ಸಿನ ಸಂಕಟಕ್ಕೆ ಸರಕಾರದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆಯೂ ಇದೆ. ಹೋಗಲು ನಾಚಿಕೆ ಬೇಡ.

ಕೊನೆಗೆ, ಹಿರಿಯರು ಇನ್ನೂ ಇದ್ದರೆ, ಒಂದೇ ಒಂದು ಪ್ರಶ್ನೆ ಕೇಳಿ. ನೀವು ಮಾಡಿದ್ದು ತಪ್ಪು ಅಂತ ಶುರುಮಾಡಬೇಡಿ. ಅವರ ಬಾಲ್ಯದ ಬಗ್ಗೆ ಕೇಳಿ. ಅವರು ಕೈಯಲ್ಲಿ ಏನಾದರೂ ಕೆಲಸ ಹಿಡಿದಿದ್ದಾಗ ಕೇಳಿದರೆ ಒಳ್ಳೆಯದು, ಮುಖ ನೋಡಬೇಕಾಗಿಲ್ಲ ಅಲ್ವಾ. ಅಪ್ಪ ಶೇಂಗಾ ಸುಲಿಯುತ್ತಿದ್ದ. “ಅಪ್ಪಾ, ಸಣ್ಣವಿದ್ದಾಗ ನೀ ಎಂದಾರ ಪೂಜಿ ತಪ್ಪಿಸಿದ್ದೇನು?” ಅಂದೆ.

ಬಹಳ ಹೊತ್ತು ಶೇಂಗಾದ ಸಪ್ಪಳ ಅಷ್ಟೇ. ಆಮೇಲೆ ಅಂದ, “ನಮ್ಮಪ್ಪ ಎರಡ ದಿನಾ ಕೂಳ ಕೊಡಲಿಲ್ಲ. ನಿನಗ ಸಂಜೀತನಕ ಅಷ್ಟ ಊಟ ಬಿಡಿಸಿದೆ ಅಂತ ನನಗ ಸಮಾಧಾನ ಇತ್ತು.”

ಅದನ್ನೂ ಬಲಕ್ಕೆ ಬರೆದಿಟ್ಟೆ.