ಸಿನಿಮಾದ ಆಂಬ್ಯುಲೆನ್ಸು, ಪೊಲೀಸ್ ಜೀಪು, ಹಳೇ ಸುದ್ದಿ ತುಣುಕು: ನಾನು ಗುರುತು ಹಿಡಿಯುವ ಬಗೆ

ಸಿನಿಮಾ ನೋಡುವಾಗ ನನ್ನ ಕಣ್ಣು ಹೀರೋಗಿಂತ ಅವನ ಹಿಂದೆ ಹೋಗುವ ಗಾಡಿಗಳ ಮೇಲೇ ಜಾಸ್ತಿ. ಪೊಲೀಸ್ ಜೀಪು, ಆಂಬ್ಯುಲೆನ್ಸು, ಫೈರ್ ಇಂಜಿನ್ ಕಂಡರೆ ಅಲ್ಲೇ ನಿಲ್ಲಿಸಿ ಒಂದೊಂದೇ ಫ್ರೇಮ್ ಮುಂದಕ್ಕೆ ಸರಿಸುತ್ತೇನೆ. ಯಾವ ಗಾಡಿ, ಯಾವ ಕಾಲದ್ದು, ಇಲಾಖೆಯದ್ದೋ ಅಥವಾ ಶೂಟಿಂಗಿಗೆಂದು ಬಣ್ಣ ಬಳಿದದ್ದೋ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಸಿನಿಮಾದ ನಡುವೆ ಬರುವ ಹಳೇ ಸುದ್ದಿ ತುಣುಕುಗಳನ್ನೂ ಹೀಗೇ ನೋಡುತ್ತೇನೆ. ಈ ಕೆಲಸ ಹೇಗೆ ಮಾಡುತ್ತೀರಿ ಎಂದು ಕೆಲವರು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಮೊದಲು ನಂಬರ್ ಪ್ಲೇಟು. ಕೆಎ ಎಂದು ಶುರುವಾಗುವ ನಂಬರ್ ಬಂದದ್ದು 1989ರ ಜುಲೈನಿಂದ. ಅದಕ್ಕೂ ಮುಂಚೆ ನಮ್ಮಲ್ಲಿ ಎಂವೈ, ಎಂಇ, ಸಿಎ ಎಂದು ಶುರುವಾಗಿ ಮೂರು ಅಕ್ಷರ, ಆಮೇಲೆ ಅಂಕಿ ಇರುತ್ತಿತ್ತು. ಹಳೇ ಕನ್ನಡ ಸಿನಿಮಾಗಳಲ್ಲಿ ಇನ್ನೊಂದು ಮಜಾ ಇದೆ. ಕಥೆ ಮೈಸೂರಿನದ್ದು, ಆದರೆ ಆಸ್ಪತ್ರೆ ಮುಂದೆ ನಿಂತ ಗಾಡಿಗೆ ಎಂಎಸ್ ಅಥವಾ ಟಿಎಂ ನಂಬರ್! ಆಗ ನಮ್ಮ ಸಿನಿಮಾಗಳ ಶೂಟಿಂಗ್ ಬಹುಪಾಲು ಮದ್ರಾಸಿನಲ್ಲೇ ನಡೆಯುತ್ತಿತ್ತಲ್ವಾ, ಗಾಡಿಯೂ ಅಲ್ಲಿಯದೇ.

ಪೊಲೀಸ್ ಗಾಡಿಯಾದರೆ ಆರ್‌ಟಿಒ ಕಚೇರಿಯ ಅಂಕಿ ಆದಮೇಲೆ ಜಿ ಅಕ್ಷರ ಇದೆಯಾ ನೋಡುತ್ತೇನೆ. ಕರ್ನಾಟಕದಲ್ಲಿ ಸರ್ಕಾರಿ ಗಾಡಿಗಳಿಗೆ ಅದೇ ಸರಣಿ. ಇನ್ಸ್‌ಪೆಕ್ಟರ್ ಬಂದಿಳಿಯುವ ಜೀಪಿಗೆ ಹಳದಿ ಪ್ಲೇಟು ಕಂಡರೆ ಅದು ಬಾಡಿಗೆ ಗಾಡಿ. ಪಕ್ಕದಲ್ಲಿ ಅಂಟಿಸಿದ ಪೊಲೀಸ್ ಸ್ಟಿಕ್ಕರಿನ ಅಂಚು ಎದ್ದಿರುವುದೂ ಎಷ್ಟೋ ಸಲ ಕಾಣುತ್ತದೆ.

ಆದರೆ ನಂಬರ್ ಒಂದನ್ನೇ ನಂಬಿಕೊಂಡು ಕೂರಬಾರದು. 1985ರಲ್ಲಿ ರಿಜಿಸ್ಟರ್ ಆದ ಗಾಡಿ 1998ರಲ್ಲೂ ಓಡುತ್ತಿರುತ್ತದೆ. ಅದಕ್ಕೇ ನನ್ನದು ಒಂದೇ ಸೂತ್ರ: ಫ್ರೇಮಿನಲ್ಲಿ ಎಲ್ಲಕ್ಕಿಂತ ಹೊಸ ಗಾಡಿ ಯಾವುದು ಅಂತ ಹುಡುಕು. ಆ ದೃಶ್ಯ ತೆಗೆದದ್ದು ಆ ಗಾಡಿ ರಸ್ತೆಗೆ ಬಂದಮೇಲೇ. ಮಾರುತಿ ವ್ಯಾನು 1984, ಜಿಪ್ಸಿ 1985ರ ಕೊನೆ, ಟಾಟಾ ಸುಮೋ 1994, ಬೊಲೆರೊ 2000, ಇನ್ನೋವಾ 2005. ಇಷ್ಟು ಬಾಯಿಪಾಠ ಆದರೆ ಅರ್ಧ ಕೆಲಸ ಮುಗಿಯಿತು. ಇನ್ನೂ ಹಿಂದಿನ ಫೈರ್ ಇಂಜಿನ್ನುಗಳಿಗೆ ಮುಂದಿನ ಜಾಲರಿ ನೋಡಬೇಕು. ಟಾಟಾ ಕಂಪನಿಗೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 1954ರಿಂದ 15 ವರ್ಷ ಒಪ್ಪಂದವಿತ್ತು. ಜಾಲರಿಯಲ್ಲಿ ಬೆಂಜಿನ ಮೂರು ಮೊನೆಯ ನಕ್ಷತ್ರ ಇದ್ದರೆ ಆ ಗಾಡಿ ಆ ಕಾಲದ್ದು.

ಆಂಬ್ಯುಲೆನ್ಸಿನ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಮೈಯನ್ನು ಬಾಡಿ ಬಿಲ್ಡರುಗಳು ಬೇಕಾದ ಹಾಗೆ ಕಟ್ಟಿರುತ್ತಾರೆ. ಹಾಗಾಗಿ ನಾನು ಮುಂದಿನ ಗಾಜು, ಬಾಗಿಲ ಹಿಡಿ, ಚಕ್ರದ ಮೇಲಿನ ಕಮಾನು ಇಷ್ಟನ್ನೇ ನೋಡುತ್ತೇನೆ. ಮೆಟಾಡೋರ್ ವ್ಯಾನೋ ಟೆಂಪೋ ಟ್ರಾವೆಲರೋ ಅಲ್ಲೇ ಗೊತ್ತಾಗುತ್ತದೆ. ಪಕ್ಕದಲ್ಲಿ ಬರೆದ ಫೋನ್ ನಂಬರ್ ಅದಕ್ಕಿಂತ ದೊಡ್ಡ ಸುಳಿವು. 108 ಸೇವೆ ಶುರುವಾದದ್ದು 2005ರಲ್ಲಿ ಹೈದರಾಬಾದಿನಲ್ಲಿ, ಕರ್ನಾಟಕಕ್ಕೆ ಬಂದದ್ದು 2008ರಲ್ಲಿ. ಪೊಲೀಸ್ ಗಾಡಿ ಮೇಲೆ 100ರ ಬದಲು 112 ಕಂಡರೆ ನಮ್ಮಲ್ಲಿ ಅದು 2019ರ ನಂತರದ ಮಾತು. ತೊಂಬತ್ತರ ದಶಕದ ಕಥೆಯಲ್ಲಿ 108 ಆಂಬ್ಯುಲೆನ್ಸು ಬಂದು ನಿಂತರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಆ ಕಾಲದಲ್ಲಿ ಗಾಯಾಳುವನ್ನು ಆಟೋದಲ್ಲೋ ಯಾರದೋ ಕಾರಿನಲ್ಲೋ ಮಲಗಿಸಿಕೊಂಡು ಓಡುತ್ತಿದ್ದ ಜನರ ಪಾಡು ಆ ಒಂದು ಸ್ಟಿಕ್ಕರಿನಿಂದ ಅಳಿಸಿಹೋಗುತ್ತದೆ.

ಮಂತ್ರಿಗಳ ಕಾರಿನ ಕೆಂಪು ದೀಪವೂ ಕಾಲ ಹೇಳುತ್ತದೆ. 2017ರ ಮೇ 1ರಿಂದ ಅದು ಹೋಯಿತು. ಆದರೆ ದೀಪ ಸುಮ್ನೆ ಮೇಲೆ ಇಟ್ಟು ತೆಗೆಯುವ ವಸ್ತು, ಅದರ ಮಾತನ್ನು ನಾನು ಕೊನೆಯಲ್ಲಿ ಕೇಳುತ್ತೇನೆ. ಸೈರನ್ನಿನ ಸದ್ದನ್ನಂತೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದನ್ನು ಆಮೇಲೆ ಸೇರಿಸಿರುತ್ತಾರೆ.

ಇನ್ನು ಸುದ್ದಿ ತುಣುಕು. 1948ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಜನ್ನಿನವರ ವಾರ್ತಾಚಿತ್ರಗಳನ್ನು ಟಾಕೀಸುಗಳಲ್ಲಿ ಸಿನಿಮಾಗೆ ಮುಂಚೆ ತೋರಿಸುತ್ತಿದ್ದರು, ಹಿರಿಯರಿಗೆ ನೆನಪಿರುತ್ತದೆ. ಅಂಥ ಅಸಲಿ ತುಣುಕನ್ನೂ, ಹೊಸದಾಗಿ ಶೂಟ್ ಮಾಡಿ ಹಳೇದರಂತೆ ಕಾಣಿಸಿದ್ದನ್ನೂ ಬೇರೆ ಮಾಡಲು ನಾನು ಮೊದಲು ನೋಡುವುದು ಜನರನ್ನು. ಅಸಲಿ ತುಣುಕಿನಲ್ಲಿ ಯಾರಾದರೊಬ್ಬರು ಕ್ಯಾಮೆರಾ ಕಡೆ ತಿರುಗಿ ನೋಡೇ ನೋಡುತ್ತಾರೆ. ಮಕ್ಕಳಂತೂ ಖಂಡಿತ. ಜೂನಿಯರ್ ಆರ್ಟಿಸ್ಟುಗಳಿಗೆ ನೋಡಬೇಡಿ ಎಂದು ಹೇಳಿರುತ್ತಾರೆ. ಆಮೇಲೆ ಗೀರುಗಳು. ಕಂಪ್ಯೂಟರಿನಲ್ಲಿ ಹಾಕಿದ ಗೀರು ಕೆಲವು ಸೆಕೆಂಡಿಗೊಮ್ಮೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ, ಅದೇ ಕೂದಲು, ಅದೇ ಚುಕ್ಕೆ. ಅಸಲಿ ತುಣುಕು ಚೌಕಾಕಾರದ್ದು. ಅಗಲ ಪರದೆಗೆ ಹಿಗ್ಗಿಸಿದಾಗ ತಲೆಗಳೂ ಕೆಳಗಿನ ನಂಬರ್ ಪ್ಲೇಟುಗಳೂ ಕತ್ತರಿಸಿಹೋಗುತ್ತವೆ.

ಒಂದು ಸಿನಿಮಾದಲ್ಲಿ ತುರ್ತು ಪರಿಸ್ಥಿತಿಯ ಕಾಲದ್ದು ಎಂದು ಲಾಠಿ ಚಾರ್ಜಿನ ತುಣುಕು ಹಾಕಿದ್ದರು. ಕಪ್ಪು ಬಿಳುಪು, ಮಸುಕು ಮಸುಕು. ಜನ ಓಡುತ್ತಾರೆ, ಬಲಗಡೆಯಿಂದ ಪೊಲೀಸ್ ಗಾಡಿಯೊಂದು ಅರ್ಧ ಬಂದು ನಿಲ್ಲುತ್ತದೆ. ಡಬ್ಬಿಯಂಥ ಮೈ, ಹಿಂಬಾಗಿಲಿಗೆ ನೇತುಹಾಕಿದ ಸ್ಟೆಪ್ನಿ, ಮೇಲೆ ಕ್ಯಾನ್ವಾಸ್. ಎಷ್ಟು ಸಲ ನೋಡಿದರೂ ಅದು ಜಿಪ್ಸಿಯೇ. ಜಿಪ್ಸಿ ಬಂದದ್ದು 1985ರ ಕೊನೆಗೆ, ತುರ್ತು ಪರಿಸ್ಥಿತಿ ಮುಗಿದದ್ದು 1977ರ ಮಾರ್ಚಿನಲ್ಲಿ! ಗಾಡಿ ಚಲಿಸುವಾಗ ಅದರ ಅಂಚುಗಳು ಅಡ್ಡಡ್ಡ ಹಲ್ಲು ಹಲ್ಲಾಗಿ ಕಾಣುತ್ತಿದ್ದವು. ಅದು ಫಿಲ್ಮಿನ ಲಕ್ಷಣವಲ್ಲ, ವಿಡಿಯೋ ಟೇಪಿನದ್ದು. ಅಂದರೆ ಬೇರೆ ಯಾವುದೋ ಗಲಾಟೆಯ ಟಿವಿ ಸುದ್ದಿಯಿಂದ ಬಣ್ಣ ತೆಗೆದು ಹಾಕಿದ್ದಾರೆ. ಅಲ್ಲಿ ಏಟು ತಿಂದು ರಸ್ತೆಯಲ್ಲಿ ಕೂತವರು ನಟರಲ್ಲ. ಅವರ ಪೆಟ್ಟನ್ನು ಬೇರೆ ಕಾಲಕ್ಕೆ ಬರೆದುಕೊಡುವುದು ನನ್ನ ಪ್ರಕಾರ ತಪ್ಪೇ.

ಹೀಗಾಗಿ ಬೆಂಗಳೂರಿನ ವೀನಸ್ ಸರ್ಕಸ್ ಬೆಂಕಿಯದ್ದು ಎಂದು ಯಾರಾದರೂ ಬಣ್ಣದ ವಿಡಿಯೋ ತೋರಿಸಿದರೆ ನಾನು ಗಾಡಿ ನೋಡುವ ಮೊದಲೇ ಅನುಮಾನ ಪಡುತ್ತೇನೆ. ಆ ದುರಂತ ನಡೆದದ್ದು 1981ರ ಫೆಬ್ರವರಿ 7ರಂದು. ತೀರಿಕೊಂಡ 90ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಕ್ಕಳು. ಬೆಂಗಳೂರು ದೂರದರ್ಶನ ಶುರುವಾದದ್ದೇ ಆ ವರ್ಷದ ನವೆಂಬರಿನಲ್ಲಿ, ದೇಶದ ಟಿವಿಗೆ ಬಣ್ಣ ಬಂದದ್ದು 1982ರಲ್ಲಿ. ಇಂಥ ತುಣುಕು ಸಿಕ್ಕಾಗ ನೋಟ್‌ಬುಕ್ಕಿನಲ್ಲಿ ಸಿನಿಮಾ ಹೇಳುವ ವರ್ಷ ಒಂದು ಕಡೆ, ಗಾಡಿ ಹೇಳುವ ವರ್ಷ ಇನ್ನೊಂದು ಕಡೆ ಬರೆಯುತ್ತೇನೆ. ಎರಡೂ ಹೊಂದದಿದ್ದರೆ ಗಾಡಿ ಹೇಳಿದ್ದನ್ನೇ ಉಳಿಸಿಕೊಳ್ಳುತ್ತೇನೆ.